ಬ್ರಾಡ್‌ಬ್ಯಾಂಡ್ ಬಿಟ್ಟ ಮೇಲೆ ರೂಟರ್ ವಾಪಸ್ ಕೊಡುವುದು: ಪೆಟ್ಟಿಗೆಗಿಂತ ಸೀರಿಯಲ್ ನಂಬರ್ ಮುಖ್ಯ

ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕಂಪನಿಯ ಹುಡುಗ ಬಂದು ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾನೆ. ‘ಆಯ್ತು ಸರ್, ಆಫೀಸಲ್ಲಿ ಅಪ್‌ಡೇಟ್ ಮಾಡಿಸ್ತೀನಿ’ ಅಂದು ಗಾಡಿ ಹತ್ತುತ್ತಾನೆ. ಎರಡು ತಿಂಗಳು ಕಳೆದು ‘ನಿಮ್ಮ ಡಿವೈಸ್ ಇನ್ನೂ ವಾಪಸ್ ಬಂದಿಲ್ಲ’ ಎಂಬ ಮೆಸೇಜ್, ಅದರ ಬೆನ್ನಿಗೇ ವಸೂಲಿಯವರ ಫೋನ್. ಪೆಟ್ಟಿಗೆ ಕೊಟ್ಟದ್ದು ನಿಜ. ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ.

ಕಂಪನಿಯ ಲೆಕ್ಕದಲ್ಲಿ ‘ರೂಟರ್’ ಅನ್ನುವುದು ಒಂದು ವಸ್ತುವಲ್ಲ, ಒಂದು ಸೀರಿಯಲ್ ನಂಬರ್. ಸಂಪರ್ಕ ಕೊಟ್ಟ ದಿನ ಆ ನಂಬರನ್ನು ನಿಮ್ಮ ಗ್ರಾಹಕ ಸಂಖ್ಯೆಗೆ ಕಟ್ಟಿರುತ್ತಾರೆ. ಅದು ಅವರ ಗೋದಾಮಿನಲ್ಲೋ ಫ್ರಾಂಚೈಸಿ ಆಫೀಸಿನಲ್ಲೋ ಮತ್ತೆ ಸ್ಕ್ಯಾನ್ ಆಗುವವರೆಗೂ ನಿಮ್ಮ ತಲೆಯ ಮೇಲೇ ಇರುತ್ತದೆ. ನಿಮ್ಮ ಬಾಗಿಲಿಗೂ ಆ ಸ್ಕ್ಯಾನಿಗೂ ನಡುವೆ ಎರಡು ಮೂರು ಕೈ ಇರುತ್ತವೆ. ಹುಡುಗ ಕೆಲಸ ಬಿಟ್ಟಿರಬಹುದು, ಪೆಟ್ಟಿಗೆ ಬೇರೆಯವರ ಮನೆಗೆ ತುರ್ತಿಗೆಂದು ಹೋಗಿರಬಹುದು, ಸುಮ್ಮನೆ ಆಫೀಸಿನ ಮೂಲೆಯ ಗೋಣಿಚೀಲದಲ್ಲಿ ಬಿದ್ದಿರಬಹುದು. ಅದನ್ನೆಲ್ಲ ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಯಾವ ನಂಬರಿನ ಪೆಟ್ಟಿಗೆ, ಯಾವ ದಿನ, ಯಾರ ಕೈ ಸೇರಿತು ಎಂದು ತೋರಿಸುವ ಕಾಗದ ಮಾಡಿಟ್ಟುಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ. ಕೆಳಗಿನದೆಲ್ಲ ಹೆಚ್ಚುಕಡಿಮೆ ಅದಕ್ಕೇ ಸಂಬಂಧಿಸಿದ್ದು.

ಯಾವುದು ಅವರದು, ಯಾವುದು ನಿಮ್ಮದು

ಫೈಬರ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಕಂಪನಿಯದ್ದು ಎಂದರೆ ಒಎನ್‌ಟಿ, ಅಂದರೆ ಫೈಬರ್ ಎಳೆ ಬಂದು ಸೇರುವ ಪೆಟ್ಟಿಗೆ. ಈಗ ಹೆಚ್ಚಿನ ಮನೆಗಳಲ್ಲಿ ವೈಫೈ ಕೂಡ ಅದರಲ್ಲೇ ಇರುವುದರಿಂದ ಎಲ್ಲರೂ ಅದನ್ನೇ ರೂಟರ್ ಅನ್ನುತ್ತಾರೆ. ಕೆಲವು ಕಡೆ ಒಎನ್‌ಟಿ ಬೇರೆ, ವೈಫೈ ರೂಟರ್ ಬೇರೆ. ಎರಡನ್ನೂ ಕಂಪನಿಯೇ ಕೊಟ್ಟಿದ್ದರೆ ಎರಡನ್ನೂ ಕೊಡಬೇಕು. ಟಿವಿ ಸೇರಿದ ಪ್ಲಾನ್ ಆಗಿದ್ದರೆ ಸೆಟ್‌ಟಾಪ್ ಬಾಕ್ಸ್, ಅದರ ರಿಮೋಟ್, ಎಚ್‌ಡಿಎಂಐ ಕೇಬಲ್ಲೂ ಪಟ್ಟಿಯಲ್ಲಿರುತ್ತವೆ. ಪ್ರತಿ ಪೆಟ್ಟಿಗೆಗೂ ಒಂದೊಂದು ಅಡಾಪ್ಟರ್. ನೀವೇ ಅಂಗಡಿಯಿಂದ ತಂದ ಎರಡನೇ ರೂಟರ್, ಮೆಶ್, ಲ್ಯಾನ್ ಕೇಬಲ್, ಮಿನಿ ಯುಪಿಎಸ್ ನಿಮ್ಮವು. ಇವು ಒಂದೇ ಡಬ್ಬಿಗೆ ಸೇರಿ ಅವರ ಪಾಲಾಗುವುದು ಅಪರೂಪವಲ್ಲ.

ಜಾಹೀರಾತಿನಲ್ಲಿ ‘ಫ್ರೀ ರೂಟರ್’ ಎಂದಿದ್ದರೆ ಬಳಸುವುದು ಫ್ರೀ ಎಂದರ್ಥ, ಇಟ್ಟುಕೊಳ್ಳುವುದಲ್ಲ. ಅನುಮಾನವಿದ್ದರೆ ಸಂಪರ್ಕ ಪಡೆದಾಗಿನ ಮೊದಲ ಬಿಲ್ಲನ್ನು ಹುಡುಕಿ. ಅದರಲ್ಲಿ ಒಂದು ಸುಳಿವು ಇರುತ್ತದೆ: ವಾಪಸ್ ಬರಬೇಕಾದ ಠೇವಣಿಯ ಮೇಲೆ ಜಿಎಸ್‌ಟಿ ಹಾಕುವುದಿಲ್ಲ. ನೀವು ‘ಡೆಪಾಸಿಟ್’ ಅಂದುಕೊಂಡ ಮೊತ್ತಕ್ಕೆ 18% ಜಿಎಸ್‌ಟಿ ಸೇರಿಸಿದ್ದರೆ ಅದು ಇನ್‌ಸ್ಟಾಲೇಶನ್ ಶುಲ್ಕವೋ ಬಾಡಿಗೆಯೋ ಪೆಟ್ಟಿಗೆಯ ಬೆಲೆಯೋ ಆಗಿರುತ್ತದೆ. ಪೆಟ್ಟಿಗೆಯ ಬೆಲೆ ಎಂದು ನಮೂದಾಗಿದ್ದರೆ ಅದು ನಿಮ್ಮದೇ, ವಾಪಸ್ ಕೇಳಿದಾಗ ಆ ಬಿಲ್ಲನ್ನೇ ತೋರಿಸಿ. ಜಿಯೋಫೈಬರ್ ಶುರುವಾದ ಹೊಸದರಲ್ಲಿ ಪ್ರಿವ್ಯೂ ಹೆಸರಿನಲ್ಲಿ ಸೇರಿದವರು 4,500 ರೂಪಾಯಿ ಠೇವಣಿ ಕಟ್ಟಿದ್ದರು. ಅಷ್ಟು ಹಳೆಯ ರಸೀದಿ ಇದ್ದರೆ ಬಿಸಾಡಬೇಡಿ.

ಕರ್ನಾಟಕದ ಊರುಗಳಲ್ಲಿ ಇನ್ನೊಂದು ತೊಡಕಿದೆ. ಬೋರ್ಡಿನಲ್ಲಿ ದೊಡ್ಡ ಕಂಪನಿಯ ಹೆಸರು, ಆದರೆ ಮನೆಗೆ ಕೇಬಲ್ ಎಳೆದು ಪೆಟ್ಟಿಗೆ ಕೊಟ್ಟವರು ಊರಿನ ಕೇಬಲ್‌ನವರು. ಪೆಟ್ಟಿಗೆ ಕಂಪನಿಯದ್ದಾಗಿರಬಹುದು, ಕೇಬಲ್‌ನವರದ್ದೇ ಆಗಿರಬಹುದು. ಠೇವಣಿ ಯಾರಿಗೆ ಕೊಟ್ಟಿದ್ದೀರೋ ವಾಪಸ್ ಕೊಡಬೇಕಾದವರೂ ಅವರೇ. ಫೋನ್‌ಪೇ, ಗೂಗಲ್ ಪೇ ಹಳೆಯ ಪಟ್ಟಿಯಲ್ಲಿ ಸಂಪರ್ಕ ಪಡೆದ ವಾರವನ್ನು ತೆಗೆದು ನೋಡಿ. ಹಣ ಕಂಪನಿಗೆ ಹೋಗಿದೆಯೋ ಒಬ್ಬ ವ್ಯಕ್ತಿಯ ಖಾತೆಗೆ ಹೋಗಿದೆಯೋ ಅಲ್ಲೇ ಗೊತ್ತಾಗುತ್ತದೆ.

ಕಡಿತಕ್ಕೆ ಮೊದಲೇ ನಂಬರ್ ತಾಳೆ ನೋಡಿ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ, ಆದರೆ ಮಾಡುವವರು ಕಡಿಮೆ.

ಒಎನ್‌ಟಿಯನ್ನು ಗೋಡೆಯಿಂದ ಇಳಿಸಿ ತಿರುಗಿಸಿ. ಹಿಂದೆ ಅಥವಾ ತಳದಲ್ಲಿ ಬಿಳಿ ಚೀಟಿ ಇರುತ್ತದೆ. ಅದರಲ್ಲಿ ಮೂರು ನಾಲ್ಕು ಬಾರ್‌ಕೋಡ್, ಪ್ರತಿಯೊಂದರ ಕೆಳಗೂ ಒಂದು ನಂಬರ್. ಒಂದು ತಯಾರಕರ ಸೀರಿಯಲ್ ನಂಬರ್, ಸಾಮಾನ್ಯವಾಗಿ ಎಸ್‌ಎನ್ ಎಂದು ಬರೆದಿರುತ್ತದೆ. ಇನ್ನೊಂದು ಮ್ಯಾಕ್, ಅಂದರೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆಯನ್ನು ಗುರುತಿಸುವ ವಿಳಾಸ, 12 ಅಕ್ಷರಗಳದ್ದು. ಮತ್ತೊಂದು ಜಿಪಾನ್ ಸೀರಿಯಲ್, ಅಂದರೆ ಕಂಪನಿಯ ಫೈಬರ್ ಜಾಲ ಪೆಟ್ಟಿಗೆಯನ್ನು ಗುರುತಿಸುವ ನಂಬರ್: ಮೊದಲ ನಾಲ್ಕು ಅಕ್ಷರ ತಯಾರಕರ ಗುರುತು, ಆಮೇಲೆ ಎಂಟು ಅಂಕಿ-ಅಕ್ಷರ. ಎಚ್‌ಡಬ್ಲ್ಯುಟಿಸಿ ಎಂದು ಶುರುವಾದರೆ ಹುವಾವೇ, ಝಡ್‌ಟಿಇಜಿ ಎಂದಿದ್ದರೆ ಝಡ್‌ಟಿಇ, ಎಎಲ್‌ಸಿಎಲ್ ಎಂದಿದ್ದರೆ ನೋಕಿಯಾ. ಕಂಪನಿಯವರು ಇವುಗಳಲ್ಲಿ ಯಾವುದನ್ನು ಬೇಕಾದರೂ ಹಿಡಿದು ಲೆಕ್ಕ ಇಟ್ಟಿರಬಹುದು, ಹಾಗಾಗಿ ಒಂದನ್ನೇ ಬರೆದುಕೊಳ್ಳುವ ಬದಲು ಇಡೀ ಚೀಟಿಯ ಫೋಟೋ ತೆಗೆಯಿರಿ. ಅದರಲ್ಲಿ 8 ಮತ್ತು ಬಿ, ಸೊನ್ನೆ ಮತ್ತು ಒ ಬೇರೆಬೇರೆಯಾಗಿ ಕಾಣಬೇಕು. ಫ್ಲ್ಯಾಶ್ ಹಾಕಿದರೆ ಚೀಟಿ ಹೊಳೆದು ಅಂಕಿ ಅಳಿಸಿದ ಹಾಗಾಗುತ್ತದೆ, ಕಿಟಕಿಯ ಬೆಳಕಿನಲ್ಲಿ ತೆಗೆದರೆ ಸರಿ. ಚೀಟಿ ಮಾಸಿಹೋಗಿದ್ದರೆ ಪೆಟ್ಟಿಗೆ ಇನ್ನೂ ಚಾಲೂ ಇರುವಾಗಲೇ ಅದರ ಅಡ್ಮಿನ್ ಪುಟಕ್ಕೆ ಹೋಗಿ. ಡಿವೈಸ್ ಮಾಹಿತಿ ತೋರಿಸುವ ಕಡೆ ಅದೇ ನಂಬರ್ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ಕಂಪನಿಯ ಆಪ್ ತೆರೆದೋ ಕಸ್ಟಮರ್ ಕೇರ್‌ಗೆ ಫೋನ್ ಮಾಡಿಯೋ ‘ನನ್ನ ಖಾತೆಯಲ್ಲಿ ಯಾವ ಸೀರಿಯಲ್ ನಂಬರ್ ತೋರಿಸ್ತಿದೆ?’ ಎಂದು ಕೇಳಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯದು. ಆಗಿಲ್ಲದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಯಾವಾಗಲೋ ಸಿಡಿಲಿಗೋ ವೋಲ್ಟೇಜ್ ಏರುಪೇರಿಗೋ ಪೆಟ್ಟಿಗೆ ಸುಟ್ಟಿತ್ತು, ಹುಡುಗ ಬಂದು ಬೇರೆಯದನ್ನು ಹಾಕಿಹೋದ, ಹಳೆಯದನ್ನು ಒಯ್ದ, ಆದರೆ ನಿಮ್ಮ ಖಾತೆಯ ಸಾಧನದ ಪಟ್ಟಿಯಲ್ಲಿ ಬದಲಾಯಿಸಲಿಲ್ಲ. ಇಂಟರ್‌ನೆಟ್ ಬಂದ ಮೇಲೆ ಯಾರಿಗೂ ಅದು ನೆನಪಿರುವುದಿಲ್ಲ. ಮಲೆನಾಡು, ಕರಾವಳಿ ಕಡೆ ಮಳೆಗಾಲಕ್ಕೆ ಮುಂಚಿನ ಗುಡುಗಿಗೆ ಎರಡು ಮೂರು ಪೆಟ್ಟಿಗೆ ಬದಲಾಗಿರುವ ಮನೆಗಳಿವೆ. ಅಂಥ ಮನೆಯಿಂದ ಈಗಿನ ಪೆಟ್ಟಿಗೆ ವಾಪಸ್ ಹೋದರೆ ದಾಖಲೆಯಲ್ಲಿರುವ ಹಳೆಯ ನಂಬರ್ ‘ಬಾಕಿ’ ಎಂದೇ ಉಳಿಯುತ್ತದೆ. ನೀವು ಕೊಟ್ಟದ್ದು ಯಾರ ಲೆಕ್ಕಕ್ಕೂ ಸೇರದ ಪೆಟ್ಟಿಗೆ.

ಆದ್ದರಿಂದ ನಂಬರ್ ಬೇರೆ ಬಂದರೆ ಕಡಿತದ ಅರ್ಜಿ ಹಾಕುವ ಮೊದಲೇ ದೂರು ದಾಖಲಿಸಿ. ‘ಇಂಥ ತಿಂಗಳು ದುರಸ್ತಿಗೆ ಬಂದಾಗ ಸಾಧನ ಬದಲಾಯಿಸಲಾಗಿದೆ, ಈಗ ನನ್ನ ಬಳಿ ಇರುವುದು ಈ ನಂಬರ್, ದಾಖಲೆ ತಿದ್ದಿ’ ಎಂದು ಬರೆದು ಚೀಟಿಯ ಫೋಟೋ ಲಗತ್ತಿಸಿ. ಆ ದುರಸ್ತಿಯ ದಿನ ಬಂದಿದ್ದ ಮೆಸೇಜ್ ಇನ್‌ಬಾಕ್ಸಿನಲ್ಲಿ ಇನ್ನೂ ಇರಬಹುದು, ಹುಡುಕಿ. ಗ್ರಾಹಕರಾಗಿ ಇರುವವರೆಗೆ ಈ ತಿದ್ದುಪಡಿಗೆ ಒಂದು ಫೋನ್ ಸಾಕು. ಖಾತೆ ಮುಚ್ಚಿದ ಮೇಲೆ ಆಪ್‌ಗೆ ಲಾಗಿನ್ನೇ ಆಗುವುದಿಲ್ಲ, ಫೋನ್ ಮಾಡಿದರೆ ಯಂತ್ರ ‘ಈ ನಂಬರ್ ನೋಂದಣಿಯಾಗಿಲ್ಲ’ ಅನ್ನುತ್ತದೆ. ಅದೇ ಕಾರಣಕ್ಕೆ ಆಪ್‌ನಲ್ಲಿರುವ ಹಳೆಯ ಬಿಲ್ಲುಗಳನ್ನೂ ಈಗಲೇ ಇಳಿಸಿಕೊಳ್ಳಿ. ನೋಂದಾಯಿತ ಮೊಬೈಲ್ ನಂಬರ್ ಹಿಂದಿನ ಬಾಡಿಗೆದಾರರದ್ದೋ ನೀವು ಬಿಟ್ಟುಬಿಟ್ಟ ಹಳೆಯ ಸಿಮ್ಮೋ ಆಗಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಎಲ್ಲ ಒಟಿಪಿಗಳೂ ಬೇರೆ ಯಾರಿಗೋ ಹೋಗುತ್ತವೆ.

ಕಡಿತದ ಅರ್ಜಿ

ರೀಚಾರ್ಜ್ ಮಾಡದೆ ಬಿಟ್ಟರೆ ಸಂಪರ್ಕ ತಾನಾಗಿ ರದ್ದಾಯಿತು ಎಂದುಕೊಳ್ಳುವುದು ತಪ್ಪು. ಪ್ರೀಪೇಯ್ಡ್‌ನಲ್ಲಿ ನೆಟ್ ನಿಲ್ಲುತ್ತದೆ, ಪೆಟ್ಟಿಗೆಯ ಲೆಕ್ಕ ನಿಲ್ಲುವುದಿಲ್ಲ. ಪೋಸ್ಟ್‌ಪೇಯ್ಡ್‌ನಲ್ಲಂತೂ ಬಿಲ್ ಏರುತ್ತಲೇ ಇರುತ್ತದೆ. ಬಿಲ್ಲಿನ ಹೊಸ ತಿಂಗಳು ಶುರುವಾಗುವುದಕ್ಕೆ ಒಂದು ವಾರವಾದರೂ ಮುಂಚೆ ಅರ್ಜಿ ಹಾಕಿದರೆ ಇನ್ನೊಂದು ತಿಂಗಳ ಬಾಡಿಗೆ ಉಳಿಯುತ್ತದೆ. ಆರು ತಿಂಗಳು, ವರ್ಷದ ಹಣ ಮುಂಗಡ ಕಟ್ಟಿದವರು ಒಪ್ಪಂದದ ಸಾಲುಗಳನ್ನು ಓದಿಯೇ ಮುಂದುವರಿಯಿರಿ: ಕೆಲವು ಕಂಪನಿಗಳು ಉಳಿದ ತಿಂಗಳ ಹಣ ಕೊಡುವುದಿಲ್ಲ, ಕೆಲವು ಬಳಸಿದ ತಿಂಗಳುಗಳನ್ನು ರಿಯಾಯಿತಿ ಇಲ್ಲದ ಮಾಸಿಕ ದರದಲ್ಲಿ ಮತ್ತೆ ಲೆಕ್ಕ ಹಾಕುತ್ತವೆ. ಇನ್ನು ಎರಡೇ ತಿಂಗಳು ಉಳಿದಿದ್ದರೆ ಬಳಸಿ ಮುಗಿಸುವುದೇ ವಾಸಿ.

ಅರ್ಜಿಯನ್ನು ಆಪ್‌ನಲ್ಲಿ ಹಾಕಿದರೂ ಮೇಲ್ ಒಂದನ್ನು ಕಳಿಸಿ. ಫೋನಿನಲ್ಲಿ ಹೇಳಿದರೆ ಮೊದಲ ಹತ್ತು ನಿಮಿಷ ‘ಅರ್ಧ ಬೆಲೆಗೆ ಕೊಡ್ತೀವಿ, ಬಿಡಬೇಡಿ ಸರ್’ ಅನ್ನುವುದರಲ್ಲೇ ಹೋಗುತ್ತದೆ, ಕೊನೆಗೆ ಅರ್ಜಿ ದಾಖಲಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮೇಲ್ ಹೀಗಿದ್ದರೆ ಸಾಕು:

‘ಗ್ರಾಹಕ ಸಂಖ್ಯೆ ____ರ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ____ ತಾರೀಖಿನಿಂದ ಕಡಿತಗೊಳಿಸಿ. ನನ್ನ ಬಳಿ ಇರುವ ನಿಮ್ಮ ಸಾಧನಗಳು: ಒಎನ್‌ಟಿ, ಸೀರಿಯಲ್ ನಂಬರ್ ____, ಸೆಟ್‌ಟಾಪ್ ಬಾಕ್ಸ್, ಸೀರಿಯಲ್ ನಂಬರ್ ____, ಅಡಾಪ್ಟರ್ 2, ರಿಮೋಟ್ 1. ನಿಮ್ಮ ದಾಖಲೆಯಲ್ಲಿ ಬೇರೆ ನಂಬರ್ ಇದ್ದರೆ ಈ ಮೇಲ್‌ಗೆ ಉತ್ತರವಾಗಿ ತಿಳಿಸಿ. ಸಾಧನಗಳನ್ನು ____ ತಾರೀಖಿನೊಳಗೆ ಈ ವಿಳಾಸದಿಂದ ಒಯ್ಯಿರಿ, ಅಥವಾ ಎಲ್ಲಿ ತಂದುಕೊಡಬೇಕೆಂದು ತಿಳಿಸಿ. ಠೇವಣಿ ____ ರೂಪಾಯಿಯನ್ನು ಕೆಳಗಿನ ಬ್ಯಾಂಕ್ ಖಾತೆಗೆ ಜಮಾ ಮಾಡಿ.’

ಇದಕ್ಕೆ ಬರುವ ದೂರು ಸಂಖ್ಯೆಯೇ ನಿಮ್ಮ ಕಡಿತದ ದಿನಾಂಕಕ್ಕೆ ಸಾಕ್ಷಿ. ಬಿಎಸ್‌ಎನ್‌ಎಲ್ ಆದರೆ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಕಾಗದದ ಅರ್ಜಿ ಕೊಡುವುದೇ ಒಳ್ಳೆಯದು: ಕೊನೆಯ ಬಿಲ್ ಕಟ್ಟಿದ ರಸೀದಿ, ಗುರುತಿನ ಚೀಟಿಯ ನಕಲು, ರದ್ದು ಮಾಡಿದ ಚೆಕ್ ಜೊತೆಗಿರಲಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅಲ್ಲೇ ಒಎನ್‌ಟಿಯನ್ನೂ ಕೊಟ್ಟರೆ ಅದರ ನಂಬರನ್ನು ಆ ಪ್ರತಿಯ ಮೇಲೆಯೇ ಬರೆಸಿ. ನೇರ ಕೌಂಟರಿನಲ್ಲಿ ಕೊಡುವ ಅವಕಾಶ ಯಾವ ಕಂಪನಿಯಲ್ಲಿದ್ದರೂ ಹುಡುಗನಿಗಾಗಿ ಕಾಯುವುದಕ್ಕಿಂತ ಅದೇ ಮೇಲು.

ಬಿಚ್ಚುವಾಗ

ಕಡಿತವಾಗುವ ಮೊದಲು ಬಿಚ್ಚಬೇಡಿ. ಆದರೆ ಪೆಟ್ಟಿಗೆ ಚಾಲೂ ಇರುವಾಗಲೇ ಒಂದು ಚಿಕ್ಕ ವಿಡಿಯೋ ಮಾಡಿ: ಪವರ್ ದೀಪ, ಫೈಬರ್ ಸಂಪರ್ಕ ತೋರಿಸುವ ಪಾನ್ (PON) ದೀಪ ಹಸಿರಾಗಿ ನಿಂತಿರುವುದು, ವೈಫೈ ಉರಿಯುತ್ತಿರುವುದು, ಆಮೇಲೆ ತಿರುಗಿಸಿ ಹಿಂದಿನ ಚೀಟಿ, ಎಲ್ಲವೂ ಒಂದೇ ಹರಿವಿನಲ್ಲಿ ಬರಲಿ. ‘ಕೆಟ್ಟ ಪೆಟ್ಟಿಗೆ ಕೊಟ್ಟಿದ್ದೀರಿ’ ಎಂಬ ಮಾತಿಗೆ ಅದೇ ಉತ್ತರ.

ಒಳಗೆ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್, ಕೆಲವು ಕಡೆ ಲಾಗಿನ್ ವಿವರ ಎಲ್ಲ ಉಳಿದಿರುತ್ತದೆ. ಕಡಿತವಾದ ಮೇಲೆ ಪವರ್ ಚಾಲೂ ಇಟ್ಟುಕೊಂಡೇ ರೀಸೆಟ್ ತೂತಿಗೆ ಸಿಮ್ ತೆಗೆಯುವ ಪಿನ್ ಹಾಕಿ, ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೆ, ಹತ್ತು ಹದಿನೈದು ಸೆಕೆಂಡ್ ಒತ್ತಿಹಿಡಿಯಿರಿ. ಆತುರಕ್ಕೆ ಸಂಪರ್ಕ ಇರುವಾಗಲೇ ಒತ್ತಿದರೆ ಕಂಪನಿ ಹಾಕಿದ್ದ ಸೆಟ್ಟಿಂಗ್ ಅಳಿಸಿ ಆ ಕೊನೆಯ ದಿನಗಳೂ ನೆಟ್ ಇಲ್ಲದೆ ಕಳೆಯಬೇಕಾಗುತ್ತದೆ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಗೂಗಲ್ ಖಾತೆ, ಒಟಿಟಿ ಆಪ್‌ಗಳಿಂದ ಒಂದೊಂದಾಗಿ ಸೈನ್ ಔಟ್ ಆಗಿ, ನಂತರ ಫ್ಯಾಕ್ಟರಿ ರೀಸೆಟ್ ಮಾಡಿ. ರಿಮೋಟಿನ ಸೆಲ್‌ಗಳನ್ನು ತೆಗೆದುಬಿಡಿ. ಸೋರಿದ ಸೆಲ್ ರಿಮೋಟನ್ನು ತಿನ್ನುತ್ತದೆ, ಅದರ ದುಡ್ಡೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಫೈಬರ್ ಎಳೆಯ ತುದಿಯಲ್ಲಿರುವ ಹಸಿರು ಕನೆಕ್ಟರನ್ನು ಅದರ ಹಸಿರು ದೇಹವನ್ನೇ ಎರಡು ಬೆರಳಲ್ಲಿ ಹಿಡಿದು ನೇರ ಎಳೆಯಿರಿ. ತಿರುಚಬೇಡಿ, ಎಳೆ ಹಿಡಿದು ಜಗ್ಗಬೇಡಿ. ಬಿಚ್ಚಿದೊಡನೆ ಸಿಗ್ನಲ್ ಇಲ್ಲವೆಂದು ಹೇಳುವ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತದೆ, ಅದು ಸಹಜ. ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ‘ಬೆಳಕು ಬರ್ತಿದೆಯಾ’ ಎಂದು ನೋಡಬೇಡಿ. ಅದರಲ್ಲಿ ಬರುವುದು 1490 ನ್ಯಾನೋಮೀಟರ್‌ನ ಅತಿಗೆಂಪು ಲೇಸರ್, ಕಣ್ಣಿಗೆ ಕಾಣುವುದೇ ಇಲ್ಲ. ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿ. ಟೋಪಿ ಕಳೆದುಹೋಗಿದ್ದರೆ ಚಿಕ್ಕ ಪ್ಲಾಸ್ಟಿಕ್ ಕವರಿಗೆ ತೂರಿಸಿ ರಬ್ಬರ್‌ಬ್ಯಾಂಡ್ ಹಾಕಿ. ಹೊರಗಿನಿಂದ ಬಂದ ಕೇಬಲನ್ನು ಕತ್ತರಿಸಬೇಡಿ. ಅಂಗೈಯಗಲದ ಸುತ್ತು ಮಾಡಿ ಗೋಡೆಯ ಮೊಳೆಗೆ ತೂಗುಹಾಕಿ. ಅದನ್ನು ಸಾಮಾನ್ಯವಾಗಿ ಯಾರೂ ಒಯ್ಯುವುದಿಲ್ಲ, ಮುಂದೆ ಬರುವ ಬಾಡಿಗೆದಾರರಿಗೆ ಉಪಯೋಗಕ್ಕೆ ಬರುತ್ತದೆ, ಮನೆ ಓನರಿಗೂ ಗೋಡೆ ಮತ್ತೆ ಕೊರೆಸುವ ತಾಪತ್ರಯ ಇರುವುದಿಲ್ಲ.

ಇನ್ನು ಅಡಾಪ್ಟರ್. ನಮ್ಮಲ್ಲಿ ಕರೆಂಟ್ ಹೋಗುವುದು ಸಾಮಾನ್ಯವಾದ್ದರಿಂದ ರೂಟರಿಗೆ ಮಿನಿ ಯುಪಿಎಸ್ ಹಾಕಿಸಿಕೊಂಡ ಮನೆಗಳು ಬಹಳ. ಅಂಥ ಕಡೆ ಕಂಪನಿಯ ಅಡಾಪ್ಟರ್ ಯುಪಿಎಸ್‌ಗೆ ಕರೆಂಟ್ ಕೊಡುತ್ತಿರುತ್ತದೆ, ಯುಪಿಎಸ್‌ನಿಂದ ಒಂದು ಚಿಕ್ಕ ಕಪ್ಪು ವಯರ್ ರೂಟರಿಗೆ ಹೋಗಿರುತ್ತದೆ. ಅಥವಾ ಯುಪಿಎಸ್ ಜೊತೆ ಬಂದ ಅಡಾಪ್ಟರ್ ಗೋಡೆಯಲ್ಲಿದ್ದು ಕಂಪನಿಯದ್ದು ಅಟ್ಟದ ಮೇಲಿನ ಡಬ್ಬಿಯಲ್ಲಿರುತ್ತದೆ. ಎಲ್ಲವೂ ಕಪ್ಪು, ಎಲ್ಲವೂ ದುಂಡು ಪಿನ್. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿ: ಒಎನ್‌ಟಿ ಚೀಟಿಯಲ್ಲಿ 12 ವೋಲ್ಟ್ 1.5 ಆಂಪ್ ಎಂದಿದ್ದರೆ ಅಡಾಪ್ಟರಿನ ಔಟ್‌ಪುಟ್ಟೂ ಅದೇ ಇರಬೇಕು. 0.5 ಆಂಪಿನದ್ದನ್ನು ಕೊಟ್ಟರೆ ಪೆಟ್ಟಿಗೆ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತದೆ, ಅವರು ಪರೀಕ್ಷಿಸಿ ‘ಡಿವೈಸ್ ಫಾಲ್ಟ್’ ಎಂದು ಬರೆಯುತ್ತಾರೆ. 12 ವೋಲ್ಟಿನ ಪೆಟ್ಟಿಗೆಗೆ ಬೇರೆ ಯಾವುದರದ್ದೋ 24 ವೋಲ್ಟಿನ ಅಡಾಪ್ಟರ್ ಚುಚ್ಚಿದರೆ ಪೆಟ್ಟಿಗೆಯೇ ಸುಟ್ಟೀತು. ಸರಿಯಾದದ್ದು ಸಿಕ್ಕ ಮೇಲೆ ಅದಕ್ಕೆ ಒಂದು ಪೇಪರ್ ಟೇಪ್ ಸುತ್ತಿ ‘ಒಎನ್‌ಟಿ’ ಎಂದು ಬರೆದಿಡಿ.

ಬೆಚ್ಚಗಿರುವ ಪೆಟ್ಟಿಗೆಯ ಹಿಂದೆ ಹಲ್ಲಿಗೆ ಮೊಟ್ಟೆ ಇಡಲು, ಇರುವೆಗೆ ಗೂಡು ಕಟ್ಟಲು ಬಲು ಇಷ್ಟ. ಗಾಳಿಯ ಸೀಳುಗಳನ್ನು ಒಣ ಪೇಂಟ್ ಬ್ರಷ್ಷಿನಿಂದ ಗುಡಿಸಿ, ಕವಚವನ್ನು ಒಣಬಟ್ಟೆಯಲ್ಲಿ ಒರೆಸಿ. ಕೊಲಿನ್, ಸ್ಪಿರಿಟ್ ಚಿಮ್ಮಿಸಿದರೆ ಚೀಟಿಯ ಅಕ್ಷರವೇ ಎದ್ದುಹೋಗಬಹುದು. ಮಾಸಿದ ಬಿಳಿ, ಸಣ್ಣ ಗೀರು ಬಳಕೆಯ ಸವಕಳಿ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಪೆಟ್ಟಿಗೆ ಸತ್ತೇ ಹೋಗಿದ್ದರೂ ಕೊಡಬೇಕು. ಕೊಡದಿದ್ದರೆ ಪೂರ್ತಿ ಬೆಲೆ ಹಾಕುತ್ತಾರೆ, ಕೆಟ್ಟದ್ದನ್ನು ಕೊಟ್ಟರೆ ವಾದಕ್ಕಾದರೂ ಜಾಗವಿರುತ್ತದೆ.

ಹುಡುಗ ಬಂದಾಗ

ಬರುವವನು ಕಂಪನಿಯ ನೌಕರನೇ ಆಗಿರಬೇಕೆಂದಿಲ್ಲ, ಹೆಚ್ಚಾಗಿ ಫ್ರಾಂಚೈಸಿಯ ಕೆಲಸದವನು. ದಿನಕ್ಕೆ ಹತ್ತಾರು ಮನೆ ಸುತ್ತುತ್ತಾನೆ, ರಸೀದಿ ಪುಸ್ತಕ ಅವನ ಬಳಿ ಇರುವುದಿಲ್ಲ. ಅವನ ಮೇಲೆ ರೇಗಿ ಉಪಯೋಗವಿಲ್ಲ. ರಸೀದಿಯನ್ನು ನೀವೇ ಬರೆದಿಟ್ಟಿರಿ. ಒಂದು ಹಾಳೆಯಲ್ಲಿ ಗ್ರಾಹಕ ಸಂಖ್ಯೆ, ದೂರು ಸಂಖ್ಯೆ, ಪ್ರತಿ ಸಾಧನದ ಸೀರಿಯಲ್ ನಂಬರ್, ಅಡಾಪ್ಟರ್ ಎಷ್ಟು, ರಿಮೋಟ್ ಎಷ್ಟು, ತಾರೀಖು, ಸಮಯ. ಕೆಳಗೆ ‘ಮೇಲಿನ ಸಾಧನಗಳನ್ನು ಪಡೆದಿದ್ದೇನೆ’ ಎಂದು ಅವನ ಹೆಸರು, ಮೊಬೈಲ್ ನಂಬರ್, ಸಹಿಗೆ ಜಾಗ.

ಆ ಕ್ಷಣದ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಸೈನ್ ಎಲ್ಲ ಬೇಡ ಮೇಡಂ, ಆಪ್‌ನಲ್ಲೇ ಕ್ಲೋಸ್ ಮಾಡ್ತೀನಿ.’

‘ಮಾಡಪ್ಪಾ, ಇಲ್ಲೇ ಮಾಡು. ನನಗೆ ಮೆಸೇಜ್ ಬಂದ್ಮೇಲೆ ಪೆಟ್ಟಿಗೆ ತಗೊಂಡು ಹೋಗು.’

‘ನೆಟ್‌ವರ್ಕ್ ಸಿಗ್ತಿಲ್ಲ ಮೇಡಂ...’

‘ಹಾಗಾದ್ರೆ ಈ ಚೀಟಿಗೆ ಒಂದು ಸೈನ್ ಹಾಕ್ಬಿಡು. ಮೊದಲು ನಂಬರ್ ಸರಿ ಇದೆಯಾ ನೋಡ್ಕೋ.’

ಗದರದೆ ಇಷ್ಟು ಹೇಳಿದರೆ ಹೆಚ್ಚಿನವರು ಸಹಿ ಹಾಕುತ್ತಾರೆ. ಹಾಕದಿದ್ದರೆ ಅವನು ಪೆಟ್ಟಿಗೆ ಹಿಡಿದು ನಿಂತ ಫೋಟೋ ಅವನನ್ನು ಕೇಳಿಯೇ ತೆಗೆಯಿರಿ, ಅಲ್ಲೇ ಅವನ ವಾಟ್ಸಾಪಿಗೆ ‘ಇಂದು ಇಷ್ಟು ಗಂಟೆಗೆ ಈ ನಂಬರಿನ ಒಎನ್‌ಟಿ ನಿಮಗೆ ಕೊಟ್ಟಿದ್ದೇನೆ’ ಎಂದು ಚೀಟಿಯ ಫೋಟೋ ಸಮೇತ ಕಳಿಸಿ. ಅವನು ‘ಓಕೆ’ ಎಂದು ಹಾಕಿದರೆ ಅದೂ ರಸೀದಿಯೇ. ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಸಾಕ್ಷಿ ತಾನಾಗಿ ಸಿಗುತ್ತದೆ: ಮೈಗೇಟ್ ತರಹದ ಆಪ್‌ನಲ್ಲಿ ಅವನು ಒಳಗೆ ಬಂದ ದಿನ, ಹೊತ್ತು ದಾಖಲಾಗಿರುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲವು ಕಡೆ ಸಾಮಾನು ಹೊರಗೆ ಒಯ್ಯಲು ಸೆಕ್ಯುರಿಟಿಯವರು ಗೇಟ್ ಪಾಸ್ ಕೇಳುತ್ತಾರೆ, ಅದರ ಮೇಲೂ ಸೀರಿಯಲ್ ನಂಬರ್ ಬರೆಸಿ.

ಕೆಲವು ಕಂಪನಿಗಳಲ್ಲಿ ಸಾಧನ ಒಯ್ಯುವಾಗ ಒಟಿಪಿ ಬರುತ್ತದೆ. ಅವನು ನಿಮ್ಮೆದುರೇ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಮೇಲೆಯೇ, ಆ ಮೆಸೇಜಿನಲ್ಲಿ ಯಾವುದಕ್ಕೆ ಒಟಿಪಿ ಎಂದು ಓದಿಯೇ ಹೇಳಿ. ಇದಕ್ಕೆ ಸಂಬಂಧವಿಲ್ಲದ, ಎದುರಿಗಿಲ್ಲದ ಯಾರೋ ಫೋನಿನಲ್ಲಿ ‘ಡೆಪಾಸಿಟ್ ರಿಫಂಡ್ ಮಾಡ್ತೀವಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಅಂದರೆ ಇಟ್ಟುಬಿಡಿ. ಯುಪಿಐ ಪಿನ್ ಹಾಕುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಯ್ಯಲು ಯಾರೂ ಬರುವುದಿಲ್ಲ, ನಿಮ್ಮ ಮನೆ ಖಾಲಿ ಮಾಡುವ ದಿನ ಬಂದೇಬಿಟ್ಟಿತು, ಇದು ಬಹಳ ಸಾಮಾನ್ಯ. ಪೆಟ್ಟಿಗೆಯನ್ನು ಓನರ್ ಕೈಗೋ ಪಕ್ಕದ ಮನೆಗೋ ಕೊಟ್ಟು ‘ಬಂದರೆ ಕೊಟ್ಟುಬಿಡಿ’ ಅನ್ನುವುದು ಬೇಡ. ಅವರು ಮರೆತರೆ ಬಾಕಿ ನಿಮ್ಮ ಹೆಸರಿನಲ್ಲೇ. ಜೊತೆಗೆ ಒಯ್ಯಿರಿ, ಹೊಸ ವಿಳಾಸವನ್ನು ಅದೇ ದೂರು ಸಂಖ್ಯೆ ಹಾಕಿ ಮೇಲ್ ಮಾಡಿ. ಬೇರೆ ಊರಿಗೆ ಹೋಗುವುದಾದರೆ ಅಲ್ಲಿನ ಆಫೀಸಿನಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಊರಿನ ಫ್ರಾಂಚೈಸಿ ಬೇರೆಯವರಾದರೆ ಒಪ್ಪದಿರಬಹುದು. ಕೊರಿಯರ್ ಕಳಿಸಿ ಎಂದರೆ ವಿಳಾಸವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ, ಫೋನಿನಲ್ಲಿ ಹೇಳಿದ ವಿಳಾಸಕ್ಕೆ ಕಳಿಸಬೇಡಿ. ಗಟ್ಟಿ ರಟ್ಟಿನ ಡಬ್ಬಿ, ಸುತ್ತ ಎರಡು ಬೆರಳು ದಪ್ಪ ಕಾಗದ, ಆಂಟೆನಾ ಮಡಚಿ, ಅಡಾಪ್ಟರನ್ನು ಬೇರೆ ಕವರಿನಲ್ಲಿ ಸುತ್ತಿ. ಇಲ್ಲದಿದ್ದರೆ ಅದರ ಪಿನ್ನೇ ಪೆಟ್ಟಿಗೆಯನ್ನು ಗೀರುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ.

ಕೊಟ್ಟ ಅದೇ ದಿನ ಮೊದಲಿನ ಮೇಲ್‌ಗೆ ಉತ್ತರವಾಗಿ ಸಹಿ ಮಾಡಿದ ಚೀಟಿಯನ್ನು ಲಗತ್ತಿಸಿ ‘ಸಾಧನ ವಾಪಸ್ ಕೊಟ್ಟಾಗಿದೆ, ಬಾಕಿ ಇಲ್ಲವೆಂಬ ಪತ್ರ ಕಳಿಸಿ’ ಎಂದು ಬರೆಯಿರಿ. ಈ ಪತ್ರವನ್ನು ಅವರ ಭಾಷೆಯಲ್ಲಿ ನೋ ಡ್ಯೂಸ್ ಅನ್ನುತ್ತಾರೆ. ಕೇಳದಿದ್ದರೆ ಕೊಡುವುದಿಲ್ಲ.

ಠೇವಣಿ ಬರದಿದ್ದರೆ, ದಂಡ ಹಾಕಿದರೆ

ಹದಿನೈದು ದಿನ ಬಿಟ್ಟು ಒಮ್ಮೆ ಫೋನ್ ಮಾಡಿ, ಠೇವಣಿಯ ಬಗ್ಗೆ ಕೇಳುವ ಮೊದಲು ‘ಸಾಧನ ನಿಮ್ಮಲ್ಲಿ ಸ್ಕ್ಯಾನ್ ಆಗಿದೆಯಾ’ ಎಂದು ಕೇಳಿ. ಆಗಿಲ್ಲ ಎಂದರೆ ಹುಡುಗನ ಹೆಸರು, ನಂಬರ್, ಚೀಟಿ ಸಮೇತ ದೂರು ಹಾಕಿ. ಈ ಹಂತದಲ್ಲಿ ಪೆಟ್ಟಿಗೆ ಇನ್ನೂ ಫ್ರಾಂಚೈಸಿ ಆಫೀಸಿನಲ್ಲೇ ಇರುವುದರಿಂದ ಸಿಗುತ್ತದೆ. ಆರು ತಿಂಗಳ ಮೇಲೆ ಯಾರಿಗೂ ಸಿಗುವುದಿಲ್ಲ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲಿ ಸಂಪರ್ಕ ಮುಚ್ಚಿದ ಮೇಲೆ ಠೇವಣಿ ಹಿಂದಿರುಗಿಸಲು 60 ದಿನಗಳ ಮಿತಿ ಇತ್ತು. 2024ರ ಅಕ್ಟೋಬರ್ 1ರಿಂದ ಅದರ ಜಾಗದಲ್ಲಿ ಹೊಸ ನಿಯಮಾವಳಿ ಬಂದಿದೆ. ಎರಡು ತಿಂಗಳು ದಾಟಿದ ಮೇಲೂ ಹಣ ಬಂದಿಲ್ಲವೆಂದರೆ ಕಾಯಬೇಡಿ. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದಾಖಲಿಸಿ ಡಾಕೆಟ್ ನಂಬರ್, ಅಂದರೆ ದೂರು ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇದೆ. ಇದಕ್ಕೆ ಶುಲ್ಕವಿಲ್ಲ, ದೂರಿಗೆ ಕೊಟ್ಟ ಗಡುವು ಮುಗಿದ 30 ದಿನದೊಳಗೆ ಮನವಿ ಹಾಕಬೇಕು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಡಾಕೆಟ್ ನಂಬರ್ ಇಲ್ಲದೆ ಮೇಲ್ಮನವಿ ಮುಂದೆ ಸರಿಯುವುದೇ ಇಲ್ಲ. ನೇರ ಟ್ರಾಯ್‌ಗೆ ಬರೆದು ಕಾಯುವವರಿದ್ದಾರೆ. ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ.

ಅದರಾಚೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಒಂದೆರಡು ಸಾವಿರ ರೂಪಾಯಿಯ ವ್ಯಾಜ್ಯಕ್ಕೆ ಇದೇ ಒಳ್ಳೆಯ ದಾರಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಟೆಲಿಕಾಂ ಸೇವೆಯನ್ನು ಹೆಸರಿಟ್ಟೇ ಒಳಗೆ ಸೇರಿಸಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಸಂಪರ್ಕ ಬೆಂಗಳೂರಿನದ್ದಾಗಿದ್ದು ನೀವೀಗ ಶಿವಮೊಗ್ಗದಲ್ಲಿ ನೆಲೆಸಿದ್ದರೆ ಶಿವಮೊಗ್ಗದಲ್ಲೇ ದೂರು ಹಾಕಲು ಈ ಕಾಯ್ದೆಯಲ್ಲಿ ಅವಕಾಶವಿದೆ.

ವಸೂಲಿ ಏಜೆನ್ಸಿಯವರು ಫೋನ್ ಮಾಡಿದರೆ ‘ಲಿಖಿತವಾಗಿ ಕಳಿಸಿ, ಯಾವ ಸೀರಿಯಲ್ ನಂಬರ್ ಬಾಕಿ ಎಂದು ನಮೂದಿಸಿ’ ಎಂದಷ್ಟೇ ಹೇಳಿ. ಗದರಿಕೆಗೆ ಹೆದರಿ ಅರ್ಧ ಹಣ ಕಟ್ಟಿ ‘ಸೆಟಲ್’ ಮಾಡಿಕೊಂಡರೆ ಬಾಕಿ ಇದ್ದದ್ದು ನಿಜ ಎಂದು ನೀವೇ ಒಪ್ಪಿಕೊಂಡ ಹಾಗೆ. ನಂಬರ್ ಕಳಿಸಿದರೆ ನಿಮ್ಮ ಚೀಟಿಯ ನಂಬರಿಗೆ ಹೋಲಿಸಿ. ಅದು ವರ್ಷಗಳ ಹಿಂದೆ ಸುಟ್ಟುಹೋದ ಹಳೆಯ ಪೆಟ್ಟಿಗೆಯ ನಂಬರಾಗಿದ್ದರೆ ಆ ದುರಸ್ತಿಯ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿ, ಪ್ರತಿಯನ್ನು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೂ ಹಾಕಿ.

ಚೀಟಿಯ ಫೋಟೋ, ವಿಡಿಯೋ, ಸಹಿ ಮಾಡಿದ ಹಾಳೆ, ಮೇಲ್‌ಗಳು, ನೋ ಡ್ಯೂಸ್ ಪತ್ರ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಅದಕ್ಕೆ ಗ್ರಾಹಕ ಸಂಖ್ಯೆಯ ಹೆಸರಿಡಿ. ಗ್ರಾಹಕ ಆಯೋಗಕ್ಕೆ ಹೋಗಲು ಕಾಯ್ದೆ ಕೊಟ್ಟಿರುವ ಅವಧಿ ಎರಡು ವರ್ಷ. ಅಲ್ಲಿಯವರೆಗಂತೂ ಆ ಫೋಲ್ಡರನ್ನು ಅಳಿಸಬೇಡಿ, ಫೋನ್ ಬದಲಾಯಿಸಿದರೂ.